ಎರಡು ದನಿಯ ವಾಚಕ

ಆ ಗ್ರಂಥಾಲಯದಲ್ಲಿ ಪುಸ್ತಕಗಳು ಹರಿಯುವ ಮೊದಲೇ ಸವೆದುಹೋಗುತ್ತಿದ್ದವು. ಬ್ಯಾಡಗಿ ಊರಿನ ಹೊರಗೆ, ಮೆಣಸಿನಕಾಯಿ ಗೋದಾಮುಗಳ ಸಾಲು ಮುಗಿಯುವಲ್ಲಿ, ಕಣ್ಣು ಕಾಣದ ಮಕ್ಕಳ ವಸತಿ ಶಾಲೆಯೊಂದಿತ್ತು. ಅಲ್ಲಿದ್ದ ಬ್ರೈಲ್ ಪುಸ್ತಕಗಳ ಉಬ್ಬುಚುಕ್ಕೆಗಳನ್ನು ಎಷ್ಟೋ ವರ್ಷಗಳ ಬೆರಳುಗಳು ಸವರಿ ಸವರಿ ಚಪ್ಪಟೆ ಮಾಡಿದ್ದವು. ರಾಜ ಕಾಡಿಗೆ ಹೋದದ್ದು ಒಂದು ಪುಟದಲ್ಲಿ ಬೆರಳಿಗೆ ತಿಳಿದರೆ, ಕಾಡಿನಲ್ಲಿ ಅವನು ಏನು ಕಂಡ ಎಂಬುದು ಮುಂದಿನ ಪುಟದಲ್ಲಿ ತಿಳಿಯುತ್ತಿರಲಿಲ್ಲ. ಹೊಸ ಪುಸ್ತಕ ಬೇಕೆಂದು ಬರೆದು ಕಳಿಸಿದರೆ, ಅದು ಅಚ್ಚಾಗಿ ಬರುವಷ್ಟರಲ್ಲಿ ಕೇಳಿದ ಮಗು ಶಾಲೆ ಮುಗಿಸಿ ಊರಿಗೆ ಹೋಗಿರುತ್ತಿತ್ತು.

ಗ್ರಂಥಪಾಲಕಿ ಜೈಬುನ್ನಿಸಾ ನದಾಫ ಅವೇ ಪುಸ್ತಕಗಳನ್ನು ಓದಿ ಬೆಳೆದವರು. ಹುಟ್ಟಿನಿಂದಲೂ ಕಣ್ಣಿಲ್ಲದ ಅವರು ಆ ಶಾಲೆಯಲ್ಲೇ ಕಲಿತು, ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ತಿರುಗಿ ಅಲ್ಲಿಗೇ ಕೆಲಸಕ್ಕೆ ಬಂದಿದ್ದರು. ವಾರಕ್ಕೊಮ್ಮೆ ಪ್ರತಿ ತರಗತಿಗೂ ಗ್ರಂಥಾಲಯದ ಪಾಠ ಮಾಡುವುದು ಅವರ ಕೆಲಸ. ಪಾಠವೆಂದರೆ ಮಕ್ಕಳು ಸುತ್ತ ಕೂತು, ಇರುವ ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುವುದು. ಚುಕ್ಕೆ ಅಳಿಸಿಹೋದಲ್ಲಿ ನದಾಫ ಟೀಚರ್ ತಾವು ಚಿಕ್ಕಂದಿನಲ್ಲಿ ಓದಿದ್ದನ್ನು ನೆನಪಿನಿಂದ ಹೇಳುತ್ತಿದ್ದರು.

ಹೀಗಿರುವಾಗ ಧಾರವಾಡದ ನುಡಿಯಂತ್ರ ಪ್ರಯೋಗಾಲಯದವರು ಶಾಲೆಗೆ ಒಂದು ವಾಚಕ ಕಳಿಸಿಕೊಟ್ಟರು. ಅಂಗೈಯಗಲದ ಪೆಟ್ಟಿಗೆ. ಮುಂದೆ ಕ್ಯಾಮೆರಾ, ಬದಿಗೆ ಸ್ಪೀಕರು, ಕುತ್ತಿಗೆಗೆ ಹಾಕಿಕೊಳ್ಳಲು ದಾರ. ಅದರ ಮುಂದೆ ಯಾವ ಪುಸ್ತಕ ಹಿಡಿದರೂ ಇಂಪಾದ ಹೆಣ್ಣುದನಿಯಲ್ಲಿ ಓದುತ್ತಿತ್ತು. ಚಿತ್ರ ತೋರಿಸಿದರೆ ಅದರಲ್ಲೇನಿದೆ ಎಂದು ಬಣ್ಣಿಸುತ್ತಿತ್ತು. ಕಠಿಣ ಪಾಠವನ್ನು ಚಿಕ್ಕವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುತ್ತಿತ್ತು. ಹೊಸ ಕಥೆ ಹೇಳು ಎಂದರೆ ಅಲ್ಲೇ ಹುಟ್ಟಿಸಿ ಹೇಳುತ್ತಿತ್ತು. ಮಕ್ಕಳು ಅದಕ್ಕೆ ‘ವಾಚಪ್ಪ’ ಎಂದು ಹೆಸರಿಟ್ಟರು, ದನಿ ಹೆಣ್ಣಿನದಾದರೂ.

ಗ್ರಂಥಾಲಯದ ತುಂಬ ಮಾತು ತುಂಬಿತು. ಒಬ್ಬಳು ಮನೆಯಿಂದ ಬಂದ ಲಗ್ನಪತ್ರಿಕೆ ಓದಿಸಿದಳು, ಇನ್ನೊಬ್ಬ ಬಿಸ್ಕತ್ತಿನ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಕೇಳಿದ. ಒಂಬತ್ತನೆಯ ತರಗತಿಯ ಶಾಂಭವಿ ಕಮ್ಮಾರ ಭೂಪಟವನ್ನು ಹಿಡಿದು, ತುಂಗಭದ್ರೆ ಎಲ್ಲಿ ಎಡಕ್ಕೆ ಹೊರಳುತ್ತದೆ, ಎಲ್ಲಿ ಬಲಕ್ಕೆ ಎಂದು ಒಂದಿಡೀ ಪಾಠದ ಅವಧಿ ಕೇಳುತ್ತ ಕೂತಳು. ಶಾಂಭವಿ ಚುರುಕು, ಹಟದ ಹುಡುಗಿ. ಅವಳ ಬೆನ್ನಿಗೆ ಯಾವಾಗಲೂ ಲಕ್ಕವ್ವ ಇರುತ್ತಿದ್ದಳು. ಲಕ್ಕವ್ವನಿಗೆ ಕಥೆಯ ಹುಚ್ಚು. ಇಬ್ಬರೂ ಹಾಸ್ಟೆಲಿನಲ್ಲಿ ಪಕ್ಕಪಕ್ಕದ ಮಂಚದವರು. ವಾಚಕವನ್ನು ಹಾಸ್ಟೆಲಿಗೆ ಒಯ್ಯಲು ಶಾಂಭವಿಗೆ ಟೀಚರ್ ಒಪ್ಪಿಗೆ ಕೊಟ್ಟಿದ್ದರು, ಚಿಕ್ಕ ಮಕ್ಕಳಿಗೆ ಓದಿ ಹೇಳಿಸಲಿ ಎಂದು.

ಮಳೆಗಾಲದಲ್ಲಿ ಲಕ್ಕವ್ವನಿಗೆ ಜ್ವರ ಬಂತು. ಅಂದು ಅವಳು ಊಟ ಮುಟ್ಟಿರಲಿಲ್ಲ. ಊಟದ ಮನೆಯ ಗೂಡಿನಲ್ಲಿ ಶಾಂಭವಿಯ ಕೈಗೆ ಒಂದು ಮಾತ್ರೆಯ ಪಟ್ಟಿ ಸಿಕ್ಕಿತು. ಅದು ಅಡುಗೆಯವರು ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆ. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಪಟ್ಟಿ, ಹೆಸರಿನ ಅರ್ಧ ಅಕ್ಷರಗಳೇ ಇರಲಿಲ್ಲ. ಶಾಂಭವಿ ಅದನ್ನು ವಾಚಕದ ಮುಂದೆ ಹಿಡಿದು, ಇದು ಜ್ವರದ ಮಾತ್ರೆ ಹೌದಲ್ಲ ಎಂದು ಕೇಳಿದಳು. ವಾಚಕ ತನ್ನ ಇಂಪಾದ ದನಿಯಲ್ಲಿ, ಹೌದು, ಇದು ಜ್ವರದ ಮಾತ್ರೆ, ಎರಡು ತೆಗೆದುಕೊಳ್ಳಬಹುದು ಎಂದಿತು. ಲಕ್ಕವ್ವ ಎರಡು ನುಂಗಿದಳು. ಸ್ವಲ್ಪ ಹೊತ್ತಿನಲ್ಲಿ ಬೆವರಿ ಒದ್ದೆಯಾಗಿ, ಕೈಕಾಲು ನಡುಗಿ, ಮಾತು ನಿಂತು ಬಿದ್ದುಬಿಟ್ಟಳು.

ಹಾವೇರಿಯ ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆ ಅವಳಿಗೆ ಎಚ್ಚರವಾಯಿತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಹೆಡ್‌ಮಾಸ್ತರರು ವಾಚಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದನ್ನು ಹಿಂದಕ್ಕೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ಬರುತ್ತದೆಂದು ಸುದ್ದಿ ಬಂತು. ಶಾಂಭವಿ ಗ್ರಂಥಾಲಯಕ್ಕೆ ಬರುವುದನ್ನೇ ಬಿಟ್ಟಳು. ತರಗತಿಯಲ್ಲಿ ಹೆಸರು ಕೂಗಿದರೆ ‘ಹಾಜರ್’ ಎನ್ನುವುದೊಂದೇ ಅವಳ ಬಾಯಿಂದ ಬರುತ್ತಿದ್ದ ಮಾತು.

ಟೀಚರ್ ಮನೆಯಲ್ಲೂ ಅದೇ ಚರ್ಚೆ. ಅವರ ಗಂಡ ದಾದಾಪೀರ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದರು. ಕಣ್ಣಿದ್ದ ಮನುಷ್ಯ, ಆದರೆ ಯಾವುದನ್ನೂ ಖಚಿತವಾಗಿ ಹೇಳಿದವರಲ್ಲ. ಮಳೆ ಬರುತ್ತದೆಯೇ ಎಂದರೆ ‘ಬಂದ್ರ ಬರಬಹುದು’ ಎನ್ನುವರು, ಸಾರಿಗೆ ಉಪ್ಪು ಸರಿಯಿದೆಯೇ ಎಂದರೆ ‘ಇರಬಹುದೇನೋ’ ಎನ್ನುವರು. ಅವರು ಅಂದು ಮಾತ್ರ ವಾಚಕವನ್ನು ತಿರುಗಿ ಕಳಿಸಿಬಿಡುವುದೇ ಒಳ್ಳೆಯದು ಎಂದರು. ಮಕ್ಕಳ ಜೀವಕ್ಕಿಂತ ಪುಸ್ತಕ ದೊಡ್ಡದಲ್ಲ ಎನ್ನುವುದು ಅವರ ವಾದ.

ಟೀಚರ್ ತಟ್ಟೆ ಸರಿಸಿದರು. ತಾವು ಹುಡುಗಿಯಾಗಿದ್ದಾಗ ಇದ್ದ ಒಂದೇ ಕಥೆಪುಸ್ತಕವನ್ನು ಎಷ್ಟು ಸಲ ಓದಿದ್ದರೆಂದರೆ, ಕೊನೆಗೆ ಓದಲು ಅದರಲ್ಲಿ ಚುಕ್ಕೆಗಳೇ ಉಳಿದಿರಲಿಲ್ಲ ಎಂದು ನೆನೆಸಿದರು. ಈ ಮಕ್ಕಳನ್ನು ತಿರುಗಿ ಅಲ್ಲಿಗೆ ತಂದು ನಿಲ್ಲಿಸಲು ಅವರಿಗೆ ಮನಸ್ಸು ಒಪ್ಪಲಿಲ್ಲ.

“ಅದು ಸುಳ್ಳು ಹೇಳ್ತು ಅನ್ನೂದಕ್ಕ ನನಗ ಸಿಟ್ಟಿಲ್ಲ,” ಎಂದರು. “ಸುಳ್ಳನ್ನೂ ಖರೇನೂ ಒಂದ ದನಿಯಾಗ ಹೇಳ್ತಲ್ಲ, ಅದಕ್ಕ ಸಿಟ್ಟು. ನೀವಾದ್ರ ಮಾರಿ ನೋಡಿ ತಿಳ್ಕೋತೀರಿ. ನಮಗ ದನೀನ ಮಾರಿ.”

ಮರುದಿನ ದಾದಾಪೀರ ಅಂಗಡಿ ಮುಚ್ಚಿ, ಹೆಂಡತಿಯನ್ನು ಧಾರವಾಡದ ಬಸ್ಸಿಗೆ ಕರೆದುಕೊಂಡು ಹೋದರು.

ನುಡಿಯಂತ್ರ ಪ್ರಯೋಗಾಲಯದಲ್ಲಿ ವಾಚಕದ ಹೊಣೆ ಹೊತ್ತಿದ್ದವರು ಡಾ. ಪ್ರಹ್ಲಾದ ಹೊಂಬಳ. ಯಂತ್ರಗಳ ತಣ್ಣನೆಯ ಗಾಳಿ ಬೀಸುವ ದೊಡ್ಡ ಕೋಣೆಯಲ್ಲಿ ಅವರು ಟೀಚರನ್ನು ಕೂರಿಸಿಕೊಂಡು, ಬ್ಯಾಡಗಿಯ ಸುದ್ದಿ ಕೇಳಿದ ಮೇಲೆ ತಮಗೆ ಸರಿಯಾಗಿ ನಿದ್ದೆ ಬಂದಿಲ್ಲ ಎಂದರು. ಆಮೇಲೆ ಯಂತ್ರ ಹೇಗೆ ಮಾತಾಡುತ್ತದೆ ಎನ್ನುವುದನ್ನು ಬಿಡಿಸಿ ಹೇಳಿದರು. ಅದು ಮನುಷ್ಯರಂತೆ ಓದುವುದಿಲ್ಲ. ಕ್ಯಾಮೆರಾ ಕೊಟ್ಟ ಅಕ್ಷರಗಳನ್ನೂ ಕೇಳಿದವರ ಪ್ರಶ್ನೆಯನ್ನೂ ಸೇರಿಸಿಕೊಂಡು, ಮುಂದಿನ ಮಾತು ಯಾವುದಿರಬಹುದು ಎಂದು ಒಂದೊಂದಾಗಿ ಹೆಕ್ಕುತ್ತದೆ. ಅಕ್ಷರ ಕಾಣದಿದ್ದರೆ ನಿಲ್ಲುವುದಿಲ್ಲ, ತನ್ನೊಳಗಿರುವ ಕೋಟಿ ವಾಕ್ಯಗಳ ಪರಿಚಯದಿಂದ ತುಂಬಿಬಿಡುತ್ತದೆ. ಶಾಂಭವಿ ಜ್ವರದ ಮಾತ್ರೆಯೇ ಅಲ್ಲವೇ ಎಂದು ಕೇಳಿದ್ದರಿಂದ ಅದೇ ಕಡೆ ವಾಲಿತು.

ಹಾಗಾದರೆ ತಾನು ತುಂಬುತ್ತಿದ್ದೇನೆ ಎಂದು ಅದಕ್ಕೇ ಗೊತ್ತಿರುವುದಿಲ್ಲವೇ ಎಂದು ಟೀಚರ್ ಕೇಳಿದರು.

ಒಂದು ರೀತಿಯಲ್ಲಿ ಗೊತ್ತಿರುತ್ತದೆ ಎಂದರು ಹೊಂಬಳ. ಪ್ರತಿ ಮಾತು ಕ್ಯಾಮೆರಾದಿಂದ ಬಂತೋ, ಕೈಗೆ ಕೊಟ್ಟ ಪುಸ್ತಕದಿಂದ ಬಂತೋ, ತನ್ನೊಳಗಿನಿಂದಲೇ ಬಂತೋ ಎಂಬುದರ ಗುರುತು ಯಂತ್ರದೊಳಗೆ ಉಳಿಯುತ್ತದೆ. ಕಣ್ಣಿದ್ದವರಿಗಾಗಿ ಮಾಡಿದ ಮೊದಲ ಯಂತ್ರದಲ್ಲಿ ಅನುಮಾನದ ಮಾತುಗಳನ್ನು ಮಸುಕು ಬಣ್ಣದಲ್ಲಿ ತೋರಿಸಿದ್ದರಂತೆ. ಜನಕ್ಕೆ ಅದು ಕಿರಿಕಿರಿ ಎನಿಸಿತು, ತೆಗೆದುಹಾಕಿದರು.

“ಅನುಮಾನ ಪಡೋ ಯಂತ್ರ ಯಾರಿಗೂ ಬೇಕಾಗಿರಲಿಲ್ರೀ,” ಎಂದರು ಹೊಂಬಳ.

“ನಮಗ ಬೇಕ್ರಿ,” ಎಂದರು ಟೀಚರ್. “ಕಂಡದ್ದನ್ನ ಒಂದ ದನಿಯಾಗ ಹೇಳಲಿ. ತಾನ ತುಂಬಿದ್ದನ್ನ ಬ್ಯಾರೆ ದನಿಯಾಗ ಹೇಳಲಿ. ಎರಡು ದನಿ ಕೊಡ್ರಿ, ಉಳಿದದ್ದು ನಾ ಕಲಸ್ತೀನಿ.”

ಹೊಂಬಳರು ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದದ್ದು ನಿಂತಿತು. ತಮ್ಮ ಜೊತೆಯವರನ್ನು ಒಳಗೆ ಕರೆದರು.

ಆದರೆ ಎರಡನೆಯ ದನಿ ಯಾರದಾಗಬೇಕು ಎನ್ನುವುದೇ ದೊಡ್ಡ ತೊಡಕಾಯಿತು. ಪಿಸುದನಿ ಇಟ್ಟು ನೋಡಿದರು, ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಗಡಸು ಗಂಡುದನಿಯ ಮಾದರಿಯನ್ನು ಶಾಲೆಗೆ ಕಳಿಸಿ ಕೇಳಿಸಿದರೆ ಮಕ್ಕಳು ಮೊದಲನೆಯದಕ್ಕಿಂತ ಅದನ್ನೇ ಹೆಚ್ಚು ನಂಬಿದರು, ಸಾಹೇಬರು ಹೇಳಿದಂತೆ ಅನಿಸುತ್ತದೆ ಎಂದರು. ಮಕ್ಕಳ ದನಿ ಇಟ್ಟರೆ ತಮಾಷೆಯಾಗಿ ಕೇಳುತ್ತಿತ್ತು. ಟೀಚರ್ ಮನೆಯಲ್ಲಿ ಇದನ್ನು ಹೇಳಿಕೊಂಡು, ಎಂಥ ದನಿ ಸರಿಹೋದೀತು ಎಂದು ಗಂಡನನ್ನು ಕೇಳಿದರು. ದಾದಾಪೀರ ಸೂಜಿಗೆ ದಾರ ಪೋಣಿಸುತ್ತ, “ಯಾವುದರ ಆಗಬಹುದೇನೋ, ಹಿಂಗ ಅಂತ ಹೇಳಾಕ ಬರೂದಿಲ್ಲ,” ಎಂದರು. ಟೀಚರ್ ಅಲ್ಲೇ ನಕ್ಕುಬಿಟ್ಟರು. ಇಷ್ಟು ವರ್ಷ ಆ ದನಿಯೊಂದಿಗೆ ಸಂಸಾರ ಮಾಡಿದ್ದರೂ ಅದು ತಲೆಗೆ ಹೊಳೆದಿರಲಿಲ್ಲ.

ದಾದಾಪೀರ ಪ್ರಯೋಗಾಲಯದ ಗಾಜಿನ ಕೋಣೆಯಲ್ಲಿ ಕೂತು, ಕೊಟ್ಟ ವಾಕ್ಯಗಳನ್ನೆಲ್ಲ ತಮ್ಮ ನಿಧಾನದ, ಎಳೆದೆಳೆದು ಆಡುವ ದನಿಯಲ್ಲಿ ಓದಿದರು. ಆ ದನಿಯಲ್ಲಿ ಏನು ಹೇಳಿದರೂ ಕೊನೆಗೊಂದು ಪ್ರಶ್ನೆ ಅಂಟಿಕೊಂಡಂತೆ ಕೇಳುತ್ತಿತ್ತು. ಹೊಂಬಳರು ಹೊಸ ವಾಚಕವನ್ನು ತಾವೇ ಬ್ಯಾಡಗಿಗೆ ತಂದರು. ಸಮಿತಿ ಬರುವ ತನಕ, ಗ್ರಂಥಾಲಯದ ಒಳಗೆ ಮಾತ್ರ, ಟೀಚರ್ ಎದುರಿನಲ್ಲೇ ಬಳಸಬೇಕೆಂದು ಹೆಡ್‌ಮಾಸ್ತರರು ಒಪ್ಪಿಗೆ ಕೊಟ್ಟರು.

ಮೊದಲ ಪಾಠಕ್ಕೆ ಟೀಚರ್ ಆರಿಸಿದ್ದು ಎಲ್ಲರಿಗೂ ಗೊತ್ತಿದ್ದ ಕಥೆಯನ್ನು. ಊರಿನ ನಿವೃತ್ತ ಪೋಸ್ಟ್‌ಮಾಸ್ತರರ ಮನೆಯವರು ಕೊಟ್ಟಿದ್ದ ಹಳೆಯ ಪುಸ್ತಕವೊಂದರಲ್ಲಿ ಒಬ್ಬ ಅಂಬಿಗನ ಮಗಳ ಕಥೆಯಿತ್ತು. ತುಂಬಿದ ಹೊಳೆಯ ಆಚೆ ದಡದಲ್ಲಿ ಅಪ್ಪ ಸಿಕ್ಕಿಕೊಂಡಿದ್ದಾನೆ, ಈಚೆ ದಡದಲ್ಲಿ ಮಗಳು ಒಬ್ಬಳೇ ದೋಣಿಯ ಹತ್ತಿರ ನಿಂತಿದ್ದಾಳೆ. ಹಳೆಯ ವಾಚಕ ಅದನ್ನು ಓದಿದಾಗ ಮಗಳು ದೋಣಿ ನಡೆಸಿಕೊಂಡು ಹೋಗಿ ಅಪ್ಪನನ್ನು ಕರೆತಂದಿದ್ದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು. ಲಕ್ಕವ್ವನಂತೂ ಅದನ್ನು ಮತ್ತೆ ಮತ್ತೆ ಓದಿಸುತ್ತಿದ್ದಳು.

ಅಂದು ಲಕ್ಕವ್ವ ಆಸ್ಪತ್ರೆಯಿಂದ ಬಂದು ಮೊದಲ ಸಲ ಗ್ರಂಥಾಲಯಕ್ಕೆ ಬಂದಿದ್ದಳು. ಒಬ್ಬಳೇ ಬರಲಿಲ್ಲ. ಶಾಂಭವಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ದಾರಿಯಲ್ಲಿ ಶಾಂಭವಿ ಕೈ ಬಿಡಿಸಿಕೊಳ್ಳಲು ನೋಡಿದಾಗ, ಮಾತ್ರೆ ನುಂಗಿದವಳು ನಾನು, ಅಂಜಬೇಕಾದರೆ ನಾನು ಅಂಜಬೇಕು, ನೀನು ಯಾಕೆ ಅಂಜುತ್ತೀ ಎಂದು ಬೈದಳಂತೆ.

ವಾಚಕ ಓದತೊಡಗಿತು. ಇಂಪಾದ ಹೆಣ್ಣುದನಿ ಹೊಳೆಯನ್ನು ತುಂಬಿಸಿತು, ಅಪ್ಪನನ್ನು ಆಚೆ ದಡಕ್ಕೆ ಕಳಿಸಿತು, ಮಗಳನ್ನು ದೋಣಿಯ ಹತ್ತಿರ ತಂದು ನಿಲ್ಲಿಸಿತು. “ಅವಳು ಹುಟ್ಟನ್ನು ಕೈಗೆ ತೆಗೆದುಕೊಂಡು,” ಎಂದಿತು. ಅಲ್ಲಿಗೆ ದನಿ ಬದಲಾಯಿತು. ಮುಂದಿನದನ್ನೆಲ್ಲ ದಾದಾಪೀರರ ದನಿ, ಹೌದೋ ಅಲ್ಲವೋ ಎನ್ನುವ ಹಾಗೆ, ಎಳೆದೆಳೆದು ಹೇಳಿ ಮುಗಿಸಿತು. ದೋಣಿ ಬಿಟ್ಟದ್ದು, ಸುಳಿ ದಾಟಿದ್ದು, ಅಪ್ಪ ಸಿಕ್ಕಿದ್ದು, ಎಲ್ಲ ಅದೇ ದನಿ.

ಟೀಚರ್ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟರು. ಕೊನೆಯ ಹಾಳೆಗಳಿರಬೇಕಾದಲ್ಲಿ ಗೆದ್ದಲು ತಿಂದ ತೂತುಗಳು, ಪುಡಿಪುಡಿಯಾದ ಅಂಚು. ಒಬ್ಬೊಬ್ಬರ ಬೆರಳೂ ಅದನ್ನು ಮುಟ್ಟಿ ಮುಂದಕ್ಕೆ ದಾಟಿಸಿತು. ಒಬ್ಬ ಹುಡುಗ ವಾಚಪ್ಪ ತಮಗೆ ಮೋಸ ಮಾಡಿದ ಎಂದ. ಚಿಕ್ಕವಳೊಬ್ಬಳು, ಮೋಸವಾದರೂ ಕಥೆ ಚೆನ್ನಾಗಿತ್ತಲ್ಲ ಎಂದಳು. ಅದಕ್ಕೆ ದೊಡ್ಡ ಗಲಾಟೆಯೇ ಎದ್ದಿತು. ಬರೆದವರು ಬರೆಯದೇ ಇದ್ದದ್ದನ್ನು ಬರೆದವರ ಹೆಸರಿನಲ್ಲಿ ಓದುವುದು ಸರಿಯೇ ಎಂದು ದೊಡ್ಡವರು ಕೇಳಿದರು.

ಗಲಾಟೆ ತಣ್ಣಗಾಗುವ ತನಕ ಟೀಚರ್ ಕಾದರು. ಆಮೇಲೆ, ಗೆದ್ದಲು ತಿಂದದ್ದನ್ನು ಯಂತ್ರ ತನಗೆ ತಿಳಿದಂತೆ ತುಂಬಿತು, ನೀವು ತುಂಬುವುದಾದರೆ ಹೇಗೆ ತುಂಬುತ್ತೀರಿ ಎಂದು ಕೇಳಿದರು.

ಯಾರೂ ಬಾಯಿ ಬಿಡುವ ಮೊದಲೇ ಹಿಂದಿನಿಂದ ಶಾಂಭವಿಯ ದನಿ ಬಂತು. “ಆಕಿ ದೋಣಿ ಬಿಡಾಂಗಿಲ್ರಿ ಟೀಚರ್. ಹೊಳಿ ತುಂಬಿದಾಗ ಒಬ್ಬಾಕಿನ ಹೋಗೂದು ಧೈರ್ಯ ಅಲ್ರಿ. ಆಕಿ ಊರಾಗ ಓಡಿಹೋಗಿ ಮಂದೀನ ಕರೀತಾಳ.”

ಲಕ್ಕವ್ವ ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಅಪ್ಪ ಮುಳುಗಿಹೋದರೆ ಏನು ಮಾಡುತ್ತೀ ಎಂದು ಜಗಳಕ್ಕೆ ನಿಂತಳು. ಎಷ್ಟೋ ದಿನಗಳ ನಂತರ ಇಬ್ಬರೂ ಏರುದನಿಯಲ್ಲಿ ಜಗಳವಾಡುವುದನ್ನು ಕೇಳುತ್ತ ಟೀಚರ್ ಬೇಕೆಂದೇ ಬಿಡಿಸಲಿಲ್ಲ. ಆ ವಾರ ಪ್ರತಿಯೊಬ್ಬರೂ ತಮ್ಮ ತಮ್ಮ ಕೊನೆಯನ್ನು ಬ್ರೈಲಿನಲ್ಲಿ ಬರೆದುಕೊಂಡು ಬಂದರು. ಹೊಂಬಳರು ಧಾರವಾಡದಲ್ಲೆಲ್ಲ ಹುಡುಕಿ ಆ ಪುಸ್ತಕದ ಗೆದ್ದಲು ಮುಟ್ಟದ ಪ್ರತಿಯೊಂದನ್ನು ಕಳಿಸಿದರು. ಅದರಲ್ಲಿ ಹೊಳೆಯೇ ತಾನಾಗಿ ಇಳಿದು, ಅಪ್ಪ ನಡೆದುಕೊಂಡು ಬಂದಿದ್ದ. ಇದಕ್ಕಿಂತ ನಮ್ಮದೇ ವಾಸಿ ಎಂದು ಶಾಂಭವಿ, ಲಕ್ಕವ್ವ ಇಬ್ಬರೂ ಒಂದಾದರು.

ಅಲ್ಲಿಂದ ಗ್ರಂಥಾಲಯದ ಪಾಠದ ರೀತಿಯೇ ಬದಲಾಯಿತು. ಹೊಂಬಳರು ಮೊದಲೇ ಎಚ್ಚರಿಸಿದ್ದರು, ಗುರುತು ಎಲ್ಲ ಸಲ ಸರಿಯಾಗಿರುವುದಿಲ್ಲ, ಕೆಲವು ಸಲ ಯಂತ್ರ ಊಹಿಸಿದ್ದನ್ನೂ ಕಂಡೆನೆಂದೇ ತಿಳಿದಿರುತ್ತದೆ ಎಂದು. ಅದನ್ನು ತಿದ್ದಲು ಪರೀಕ್ಷಿಸುವವರು ಬೇಕಿತ್ತು. ಮಕ್ಕಳು ತಾವು ಕೈಯಾರೆ ಬಲ್ಲ ವಸ್ತುಗಳನ್ನು ತಂದರು. ತುಕ್ಕು ಹಿಡಿದ ಬೀಗ, ಒಡೆದ ಬಳೆ, ಗಂಟು ಹಾಕಿದ ಹಗ್ಗ, ಒಣಮೆಣಸಿನಕಾಯಿ. ವಾಚಕ ಒಂದೊಂದನ್ನೂ ಬಣ್ಣಿಸುತ್ತಿತ್ತು. ಹೆಣ್ಣುದನಿಯಲ್ಲಿ ತಪ್ಪು ಬಂದರೆ ವಸ್ತು ಹಿಡಿದ ಮಗು ಮೇಜು ಬಡಿಯಬೇಕು. ಬಡಿದು ತೋರಿಸಿದ ತಪ್ಪುಗಳೆಲ್ಲ ಧಾರವಾಡದ ಪ್ರಯೋಗಾಲಯಕ್ಕೆ ಹೋಗುತ್ತಿದ್ದವು, ಅಲ್ಲಿ ಹೊಂಬಳ ಮತ್ತು ಜೊತೆಯವರು ಯಂತ್ರವನ್ನು ತಿದ್ದುತ್ತಿದ್ದರು. ಮುಂದಿನ ವಾರ ಅದೇ ಬೀಗದ ಬಗ್ಗೆ ಮಾತಾಡುವಾಗ ವಾಚಕ ಅದೇ ಜಾಗದಲ್ಲಿ ದಾದಾಪೀರರ ದನಿಗೆ ಹೊರಳುತ್ತಿತ್ತು. ಕಣ್ಣಿದ್ದವರಿಂದ ವರ್ಷಗಟ್ಟಲೆ ಸಿಗದ ತಿದ್ದುಪಡಿ ಈ ಮಕ್ಕಳಿಂದ ಸಿಗುತ್ತಿದೆ ಎಂದು ಹೊಂಬಳರು ಹೇಳಿದರು. ಕಣ್ಣಿದ್ದವರು ಯಂತ್ರ ತಪ್ಪಿದರೆ ವಸ್ತುವನ್ನು ನೋಡಿ ಸುಮ್ಮನಾಗುತ್ತಿದ್ದರು. ಈ ಮಕ್ಕಳು ಸುಮ್ಮನಾಗಲಿಲ್ಲ.

ಮೇಜು ಬಡಿಯುವುದರಲ್ಲಿ ಶಾಂಭವಿಯದು ಎಲ್ಲರಿಗಿಂತ ಜೋರು ಕೈ.

ಸಮಿತಿ ಬಂದದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ಗಾಳಿಯಲ್ಲೆಲ್ಲ ಘಾಟು. ಅಧ್ಯಕ್ಷೆ ಡಾ. ಸುಲೋಚನಾ ಅರಳಿಕಟ್ಟಿ ವೈದ್ಯೆ, ಮಾತು ಕಡಿಮೆ. ಅವರು ಸೀನುತ್ತಲೇ ಗ್ರಂಥಾಲಯಕ್ಕೆ ಬಂದು, ಭಾಷಣ ಬೇಡ, ಮಾತ್ರೆ ಓದಿಸಿದ ಹುಡುಗಿಯನ್ನೇ ಕರೆಯಿರಿ ಎಂದರು. ಶಾಂಭವಿ ಎದ್ದು ಮೇಜಿನ ಹತ್ತಿರ ಬಂದಳು. ಅವಳ ಉಸಿರು ಟೀಚರ್‌ಗೆ ಕೇಳುವಷ್ಟು ಜೋರಾಗಿತ್ತು.

ಡಾಕ್ಟರು ಒಂದು ಮಾತ್ರೆಯ ಪಟ್ಟಿ ಕೊಟ್ಟರು. ಇಡಿಯಾದ ಪಟ್ಟಿ. ವಾಚಕ ಹೆಣ್ಣುದನಿಯಲ್ಲಿ ಹೆಸರು, ತೂಕ, ಗಡುವಿನ ದಿನ ಎಲ್ಲ ಓದಿತು. ಎರಡನೆಯದು ಕತ್ತರಿಸಿದ ಪಟ್ಟಿ. ಮೊದಲಿನ ಅಕ್ಷರಗಳು ಇಲ್ಲ ಎಂದು ಹೆಣ್ಣುದನಿ ಹೇಳಿತು. ಆಮೇಲೆ ದಾದಾಪೀರರ ದನಿ, ಇದು ನೋವಿನ ಮಾತ್ರೆ ಇರಬಹುದು ಎಂದಿತು. ಶಾಂಭವಿ ಆ ಪಟ್ಟಿಯನ್ನು ಬದಿಗಿಟ್ಟು, ಇದನ್ನು ಯಾರಿಗೂ ಕೊಡುವುದಿಲ್ಲ, ಶಾಲೆಯ ನರ್ಸಮ್ಮನಿಗೆ ಒಪ್ಪಿಸುತ್ತೇನೆ ಎಂದಳು. ಸಮಿತಿಯವರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು.

ಮೂರನೆಯದು ಒಂದು ಕಾಗದದ ಪೆಟ್ಟಿಗೆ. ವಾಚಕ ಸ್ವಲ್ಪವೂ ತಡವರಿಸದೆ, ಹೆಣ್ಣುದನಿಯಲ್ಲೇ, ಇದು ಕೆಮ್ಮಿನ ಮಾತ್ರೆಯ ಪೆಟ್ಟಿಗೆ ಎಂದಿತು. ಎಲ್ಲರೂ ಶಾಂಭವಿ ಒಪ್ಪುತ್ತಾಳೆಂದು ಕಾದರು. ಅವಳು ಪೆಟ್ಟಿಗೆಯನ್ನು ಅಲುಗಿಸಿದಳು. ಮುಚ್ಚಳ ತೆಗೆದು ಒಳಗಿನ ಪಟ್ಟಿಯನ್ನು ಹೊರಗೆಳೆದು, ಪೆಟ್ಟಿಗೆಯ ಉದ್ದಕ್ಕೂ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದಳು. ಪಟ್ಟಿಯನ್ನೇ ಬೇರೆಯಾಗಿ ವಾಚಕದ ಮುಂದೆ ಹಿಡಿದಳು. ಅಕ್ಷರಗಳು ಉಜ್ಜಿಹೋಗಿವೆ ಎಂದಿತು ಹೆಣ್ಣುದನಿ. ಕೆಮ್ಮಿನ ಮಾತ್ರೆಯೇ ಇರಬಹುದೇನೋ ಎಂದಿತು ದಾದಾಪೀರರ ದನಿ.

“ಪೆಟ್ಟಿಗಿ ಮ್ಯಾಲಿಂದು ಓದಿದ್ದು ಖರೆ ಐತ್ರಿ,” ಎಂದಳು ಶಾಂಭವಿ. “ಆದ್ರ ಒಳಗಿನ ಪಟ್ಟಿ ಈ ಪೆಟ್ಟಿಗಿದ್ದಲ್ರಿ. ಗಿಡ್ಡ ಐತಿ, ಒಳಗ ಅಲಗ್ಯಾಡತೈತಿ. ಯಾರೋ ಬ್ಯಾರೇದು ಹಾಕ್ಯಾರ. ಇದನ್ನೂ ಕೊಡಾಂಗಿಲ್ರಿ.”

ಹಾಕಿದ್ದು ತಾವೇ ಎಂದು ಡಾ. ಅರಳಿಕಟ್ಟಿ ಒಪ್ಪಿಕೊಂಡರು. ಕಣ್ಣಿದ್ದವರೂ, ಓದಿದವರೂ ಪೆಟ್ಟಿಗೆ ನೋಡಿ ಮೋಸಹೋಗಿ ಆಸ್ಪತ್ರೆಗೆ ಬರುತ್ತಾರೆ, ಅದಕ್ಕೇ ಹಾಗೆ ಮಾಡಿದೆ ಎಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. “ಕಡೀಕ ನರ್ಸಮ್ಮನ್ನ ಕೇಳೂದ ಆದ್ರ, ಈ ಯಂತ್ರ ನಿಮಗ ಯಾಕ ಬೇಕವಾ?”

ಟೀಚರ್ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಶಾಂಭವಿ ಯೋಚಿಸಿ, ನಿಧಾನವಾಗಿ ಹೇಳಿದಳು. “ಮೊದಲು ಎಲ್ಲಾನೂ ಯಾರನ್ನರ ಕೇಳಬೇಕಿತ್ರಿ. ಆಮ್ಯಾಲ ಯಾರನ್ನೂ ಕೇಳೂದ ಬ್ಯಾಡ ಅನಿಸ್ತು. ಅವಾಗ ನಾ ತಪ್ಪು ಮಾಡಿದೆ. ಈಗ ಯಾವುದು ಗೊತ್ತೈತಿ, ಯಾವುದು ಗೊತ್ತಿಲ್ಲ ಅಂತ ಕೇಳಿಸ್ತೈತ್ರಿ. ಗೊತ್ತಿಲ್ಲದ್ದಷ್ಟ ಹೋಗಿ ಕೇಳ್ತೀವಿ. ಇದನ್ನ ಒಯ್ಯಬ್ಯಾಡ್ರಿ.”

ಲಕ್ಕವ್ವ ಕೂತಲ್ಲಿಂದಲೇ ಮೇಜನ್ನು ಎರಡೂ ಕೈಯಿಂದ ಬಡಿದಳು. ಉಳಿದವರೂ ಬಡಿಯತೊಡಗಿದರು. ಸಮಿತಿಯವರು ಆ ಸದ್ದಿನಲ್ಲಿ ತಮ್ಮ ಮಾತು ತಮಗೇ ಕೇಳದೆ ನಗುತ್ತ ನಿಂತರು.

ವಾಚಕ ಉಳಿಯಿತು. ಎರಡು ದನಿಯ ಯಂತ್ರ ಮೊದಲು ಉಳಿದ ಅಂಧ ಮಕ್ಕಳ ಶಾಲೆಗಳಿಗೆ ಹೋಯಿತು. ಅಲ್ಲಿನ ಗ್ರಂಥಪಾಲಕರು ಪಾಠದ ರೀತಿ ಕಲಿಯಲು ಬ್ಯಾಡಗಿಗೆ ಬಂದರು. ಅವರ ಜೊತೆಗೆ ಬಂದ ಮಕ್ಕಳು ಮೇಜು ಬಡಿಯುವುದನ್ನು ಕಲಿತು ಹೋದರು. ಮರುವರ್ಷ ರಾಜ್ಯದ ಎಲ್ಲ ಶಾಲೆಗಳ ಗ್ರಂಥಾಲಯದ ಯಂತ್ರಗಳಿಗೂ ಎರಡು ದನಿ ಇರಬೇಕೆಂದು ಆದೇಶವಾಯಿತು. ದಾದಾಪೀರರ ಅಂಗಡಿಗೆ ಗಾದಿ ಕೊಳ್ಳಲು ಬಂದವರು ಅವರ ದನಿ ಕೇಳಿ ಬೆರಗಾಗಿ, ನೀವು ನಮ್ಮ ಮಕ್ಕಳ ಶಾಲೆಯಲ್ಲಿದ್ದೀರಲ್ಲ ಎನ್ನುತ್ತಿದ್ದರು. ಇರಬಹುದೇನೋ ಎಂದು ಅವರು ಹೇಳುತ್ತಿದ್ದರು.

ಆ ವರ್ಷವೇ ಹುಬ್ಬಳ್ಳಿಯ ದೊಡ್ಡ ಶಾಲೆಯೊಂದು ನದಾಫ ಟೀಚರನ್ನು ಪಾಠ ಮಾಡಿ ತೋರಿಸಲು ಕರೆಯಿತು. ಅವರು ಶಾಂಭವಿಯನ್ನೂ ಲಕ್ಕವ್ವನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಲ್ಲಿಯ ಗ್ರಂಥಾಲಯ ಎಷ್ಟು ದೊಡ್ಡದೆಂದರೆ ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ಲಕ್ಕವ್ವ ಗೋಡೆ ಸವರುತ್ತ ಒಂದು ಸುತ್ತು ಬಂದು, ಎಲ್ಲ ಕಡೆ ಕಬ್ಬಿಣದ ಕಪಾಟುಗಳಿವೆ, ಎಲ್ಲಕ್ಕೂ ಬೀಗವಿದೆ ಎಂದು ಟೀಚರ್ ಕಿವಿಯಲ್ಲಿ ಹೇಳಿದಳು. ಮಕ್ಕಳು ಯಂತ್ರದ ಮುಂದೆ ಕೂತೇ ಎಲ್ಲ ಬರೆಯುವುದರಿಂದ ಕಪಾಟು ತೆರೆಯುವ ಪ್ರಸಂಗ ಬರುವುದಿಲ್ಲ ಎಂದು ಅಲ್ಲಿಯ ಗ್ರಂಥಪಾಲಕರು ಸಂಕೋಚದಿಂದ ಹೇಳಿದರು.

ಪಾಠ ಶುರುವಾಯಿತು. ಆ ತರಗತಿಯವರು ತಮ್ಮ ಊರಿನ ಬಗ್ಗೆ ಯಂತ್ರದಿಂದ ಬರೆಸಿ, ಪರದೆಯ ಮೇಲಷ್ಟೇ ನೋಡಿದ್ದ ಪ್ರಬಂಧವನ್ನು, ಮಾತಿನ ಮೂಲದ ಗುರುತು ಉಳಿದಿರುವ ಅದೇ ಯಂತ್ರದ ಬಾಯಿಂದ ಹೇಳಿಸಲು ಶಾಂಭವಿ ಹೇಳಿದಳು. ಆ ಎರಡು ದನಿಯ ಯಂತ್ರ ಬಾಯಿ ತೆರೆಯಿತು. ಮೊದಲ ವಾಕ್ಯದಿಂದಲೇ ದಾದಾಪೀರ. ಹುಬ್ಬಳ್ಳಿ ಕರ್ನಾಟಕದ ಒಂದು ನಗರ ಎನ್ನುವುದನ್ನೂ ಅವರು ಹೌದೋ ಅಲ್ಲವೋ ಎನ್ನುವಂತೆಯೇ ಹೇಳಿದರು. ತರಗತಿ ಗೊಳ್ಳೆಂದು ನಕ್ಕಿತು. ಪ್ರಬಂಧ ಮುಂದುವರಿದಂತೆ ನಗು ಕಡಿಮೆಯಾಯಿತು. ಕೆರೆ ಕಟ್ಟಿಸಿದವರ ಹೆಸರು, ಇಸವಿ, ಪೇಟೆ ಬೆಳೆದ ಬಗೆ, ಕೊನೆಯ ಸಾಲಿನ ತನಕ ಒಂದೇ ದನಿ. ಹೆಣ್ಣುದನಿ ಒಮ್ಮೆಯೂ ಬರಲಿಲ್ಲ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಅಸಮಾಧಾನದಿಂದ, ಇದೆಲ್ಲ ಸುಳ್ಳೇ ಹಾಗಾದರೆ ಎಂದು ಕೇಳಿದಳು.

“ಸುಳ್ಳು ಅಂತ ಅದು ಹೇಳಿಲ್ಲ,” ಎಂದಳು ಶಾಂಭವಿ. “ಎಲ್ಲಿ ನೋಡಿದ್ದು ಅಂತ ತೋರಸಾಕ ಆಗವಲ್ದು, ಅಷ್ಟ. ನೀವು ಪುಸ್ತಕ ತೋರಿಸ್ರಿ, ದನಿ ಬದಲಾಗತೈತಿ.”

ಗ್ರಂಥಪಾಲಕರು ಕೀಲಿಗೊಂಚಲು ತಂದರು. ಮೊದಲ ಕಪಾಟು ಕಿರ್ರೆಂದು ತೆರೆಯಿತು. ಮಕ್ಕಳು ಪುಸ್ತಕಗಳನ್ನು ತಂದು ಪುಟ ಹುಡುಕಿ ಕ್ಯಾಮೆರಾದ ಮುಂದೆ ಹಿಡಿದರು. ಪೇಟೆಯ ಸಾಲು ಹೆಣ್ಣುದನಿಗೆ ಹೊರಳಿದ ಕೂಡಲೇ ಕೋಣೆಯಲ್ಲಿ ಕೂಗೆದ್ದಿತು, ಆಟದಲ್ಲಿ ಗೆದ್ದಾಗ ಏಳುವಂಥ ಕೂಗು. ಇನ್ನೊಂದು ಸಾಲು, ಮತ್ತೊಂದು ಸಾಲು. ಒಂದು ಇಸವಿ ಪುಸ್ತಕದಲ್ಲಿ ಬೇರೆಯೇ ಇತ್ತು, ಅದನ್ನು ಹುಡುಗಿಯರ ಗುಂಪೊಂದು ಹಿಡಿದುಹಾಕಿತು. ಎರಡನೆಯ ಕಪಾಟು, ಮೂರನೆಯ ಕಪಾಟು ತೆರೆದವು. ಹಳೆಯ ಕಾಗದದ ವಾಸನೆ ಕೋಣೆಯೆಲ್ಲ ತುಂಬಿತು. ನದಾಫ ಟೀಚರ್ ಕುರ್ಚಿಯಲ್ಲಿ ಕೂತು ಆ ಓಡಾಟವನ್ನೆಲ್ಲ ಕೇಳುತ್ತಿದ್ದರು. ಇಷ್ಟೊಂದು ಪುಸ್ತಕಗಳ ಪುಟಗಳು ಒಟ್ಟಿಗೆ ತಿರುಗುವ ಸದ್ದನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ.

ಕೆರೆಯ ಸಾಲೊಂದು ಮಾತ್ರ ಇನ್ನೂ ದಾದಾಪೀರರ ದನಿಯಲ್ಲೇ ಉಳಿದಿತ್ತು. ಊರಿನ ಹಳೆಯ ಪುಸ್ತಕಗಳು ಮೂಲೆಯ ಕಪಾಟಿನಲ್ಲಿವೆ, ಆದರೆ ಅದರ ಕೀಲಿ ಎಂದೋ ಕಳೆದುಹೋಗಿದೆ ಎಂದರು ಗ್ರಂಥಪಾಲಕರು. ಮಕ್ಕಳೆಲ್ಲ ಪಾಠ ನೋಡಲು ಬಂದು ಕೂತಿದ್ದ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಸುತ್ತ ನಿಂತರು. ಅವರು ಎದ್ದು ಹೋಗಿ ಬೀಗವನ್ನು ಎಳೆದು ನೋಡಿದರು.

“ಒಡೀರಿ,” ಎಂದರು.

ಸುತ್ತಿಗೆ ಬಂತು. ಮೂರೋ ನಾಲ್ಕೋ ಏಟಿಗೆ ಬೀಗ ನೆಲಕ್ಕೆ ಬಿದ್ದು ಉರುಳಿತು, ಬಾಗಿಲು ತೆರೆದುಕೊಂಡಿತು, ಧೂಳಿಗೆ ಎಲ್ಲರೂ ಸೀನಿದರು. ಆ ಸೀನು, ನಗುಗಳ ನಡುವೆ, ಎಲ್ಲರಿಗಿಂತ ಮುಂದೆ ನಿಂತಿದ್ದ ಲಕ್ಕವ್ವ ಕಪಾಟಿನೊಳಗೆ ಕೈ ಹಾಕಿ, ಸಿಕ್ಕಿದ ಮೊದಲ ಪುಸ್ತಕವನ್ನು ಎದೆಗವಚಿ ಹೊರಗೆ ತಂದಳು.